ತುಟಿಯ ಮ್ಯಾಲೆ ಬೆರಳು

ಯಾರೂ ಹೇಳಲಿಲ್ಲ ಅಂದ್ರ ಸುಳ್ಳಾಕ್ಕೈತಿ.
ಹೇಳಿದ್ರು. ನಾನು ಕೇಳಲಿಲ್ಲ.
ಕದರಮಂಡಲಗಿಯಾಕಿ ನಾನು,
ಮೆಣಸಿನಕಾಯಿ ಕಾಣದಾಕಿ ಏನು?

ಬ್ಯಾಡಗಿ. ಕೋಲ್ಡ್ ಸ್ಟೋರೇಜಿನ ಹಿಂದ ಪತ್ರಾಸಿನ ಶೆಡ್ಡು.
ನಡುವ ಕೆಂಪು ಗುಡ್ಡಿ, ಗುಡ್ಡಿ ಸುತ್ತ ನಲವತ್ತು ಹೆಂಗಸರು,
ಮೂಗಿಗೆ ಸೆರಗು, ಸೆರಗಿನ ಒಳಗ ಸೀನು.
ಕಿಲೋಕ್ಕ ಇಷ್ಟು ಅಂತ ತುಂಬು ಬಿಡಿಸೋ ಕೆಲಸ.
ಸಂಜಿ ಐದಕ್ಕ ನನ್ನ ಎರಡೂ ಕೈ
ಯಾರದೋ ಒಲಿಯಾಗ ಮರೆತು ಬಂದಂಗ ಇದ್ವು.

ಆವಾಗ ಶುರುವಾತು ನೋಡ್ರಿ.

ನೀರು ಹಚ್ಚಬ್ಯಾಡ, ಅಂದ್ಲು ಫಕ್ಕೀರವ್ವ,
ನೀರು ಮುಟ್ಟಿಸಿದ್ರ ಉರಿ ಮನಿ ಕಟ್ಟಿ ಕುಂದರತೈತಿ.
ಮಜ್ಜಿಗಿ, ಅಂದ್ಲು ದುರುಗವ್ವ, ಹುಳಿ ಮಜ್ಜಿಗಿ, ನಿನ್ನಿದು.
ಮಜ್ಜಿಗಿ ಎಲ್ಲಿಂದ ತರಬೇಕು, ಎಮ್ಮಿ ನಿಮ್ಮಪ್ಪ ಕಟ್ಯಾನೇನು?
ಬೆಲ್ಲ ತಿಕ್ಕು. ಬೂದಿ. ಅಕ್ಕಿ ತೊಳದ ನೀರು.
ನೀರು ಬ್ಯಾಡ ಅಂದ್ನಲ್ಲ!
ಅದು ನೀರಲ್ಲ, ಅಕ್ಕಿ ತೊಳದ ನೀರು.
ರಾಜಮಾ ಮಾತಾಡಲಿಲ್ಲ, ಸೊಂಟದ ಚೀಲದಿಂದ
ಕಣ್ಣಿನ ಔಷಧದ ಹಳೇ ಬಾಟ್ಲಿ ತಗದು
ನಾಲ್ಕು ಹನಿ ಕುಸುಬಿ ಎಣ್ಣಿ ಅಂಗೈಗೆ ಬಿಟ್ಲು:
ಎಣ್ಣಿ ಮೊದಲು, ಸಾಬಾನು ಆಮ್ಯಾಲೆ,
ಉಲ್ಟಾ ಮಾಡಿದಿ, ರಾತ್ರೆಲ್ಲಾ ಜಾಗರಣಿ.
ಮೂಲ್ಯಾಗಿಂದ ಒಬ್ಬಾಕಿ ಸೀಮೆಎಣ್ಣಿ ಅಂದ್ಲು.
ಅಕಿ ಮಾತು ಕೇಳಬ್ಯಾಡ, ಎಲ್ಲಾರೂ ಒಮ್ಮೆಲೆ ಎದ್ರು,
ಕೇಳಿದ ಶಿವಲೀಲಾನ ಕೈ
ಉಳ್ಳಾಗಡ್ಡಿ ಸಿಪ್ಪಿಯಂಗ ಸುಲದಿತ್ತು ಹೋದ ವರ್ಷ.

ನಗು, ಕೆಮ್ಮು, ಮತ್ತ ನಗು.
ತಿಪ್ಪವ್ವ ಮಾತ್ರ ನಗಲಿಲ್ಲ.

ತೂಕದ ಸಾಲಿನಾಗ ನನ್ನ ಹಿಂದ ನಿಂತಿದ್ಲು.
ನನ್ನ ಜಂಪರಿನ ಮುಂದ ಹಸಿ ಆದದ್ದು ನೋಡಿ
ಸಣ್ಣ ದನಿಲೆ ಕೇಳಿದ್ಲು: ಎಷ್ಟು ತಿಂಗಳಿಂದು?
ಐದು, ಅಂದೆ.
ಹೋದ ಕೂಡ್ಲೆ ಎತ್ತಬ್ಯಾಡ. ಅತ್ರ ಅಳಲಿ.
ಮೊಳಕೈ ತನಕ ಎಣ್ಣಿ, ಆಮ್ಯಾಲೆ ಕಡ್ಲಿಹಿಟ್ಟು, ಆಮ್ಯಾಲೆ ಸಾಬಾನು.
ಉಗುರಿನ ಸಂದಿ ಕಡ್ಡಿಲೆ ತಗಿ.
ಸೀರಿ ಬದಲಿಸು, ಈ ಸೆರಗು ಒಳಗ ಒಯ್ಯಬ್ಯಾಡ.
ಎಲ್ಲಾ ಆದ ಮ್ಯಾಲೆ ನಿನ್ನ ಬೆರಳು
ನಿನ್ನ ತುಟಿಗೆ ಇಟ್ಕೊಂಡು ನೂರು ಎಣಸು.
ತುಟಿ ಸುಮ್ಮನಿದ್ರ ಕೂಸು.

ಇದನ್ನ ನಿನಗ ಯಾರು ಹೇಳಿದ್ರು ಯಕ್ಕಾ?

ಯಾರೂ ಹೇಳಲಿಲ್ಲ, ಅಂದ್ಲು ತಿಪ್ಪವ್ವ.
ಚೀಲ ತಕ್ಕಡಿಗೆ ಇಟ್ಟು, ಮುಳ್ಳು ನಿಲ್ಲೋ ತನಕ
ಮುಳ್ಳನ್ನ ನೋಡಿಕೋತ ನಿಂತ್ಲು.

ಅವತ್ತು ರಾತ್ರಿ ನಮ್ಮತ್ತಿ ತೊಡಿ ಮ್ಯಾಲೆ ಕೂಸು ಒದರತಿತ್ತು,
ಬಚ್ಚಲದಾಗ ನಾನು ಅರವತ್ತೆಂಟು, ಅರವತ್ತೊಂಬತ್ತು.
ಅತ್ತಿ ಬೈದದ್ದೂ ಎಣಿಕಿಯಾಗ ಸೇರಿರಬೇಕು,
ಎಪ್ಪತ್ತರಿಂದ ಎರಡು ಸಲ ಎಣಸೀನಿ.

ಆ ಕೂಸು ಈಗ ಮೂರನೇತ್ತೆ.

ಹೋದ ಗುರುವಾರ ಶಿಗ್ಗಾಂವಿಯಾಕಿ ಒಬ್ಬಾಕಿ ಬಂದಾಳ, ಮೆಹರುನ್ನೀಸಾ.
ರಬ್ಬರಿನ ಕೈಗವಸು ತಂದಿದ್ಲು; ತಾಸು ಆಗೂದ್ರಾಗ
ಬೆವರೂ ಘಾಟೂ ಒಳಗ ಕೂಡಿ ಕಿತ್ತು ಒಗದ್ಲು. ನಕ್ಕೆವು.
ಮರುದಿನ ಸೈಕಲ್ ಟ್ಯೂಬು ಕೊಯ್ದು ತಂದ್ಲು,
ಹೆಬ್ಬಟ್ಟಿಗೊಂದು ತೋರುಬೆರಳಿಗೊಂದು ಟೊಪ್ಪಿಗಿ.
ಅವರಪ್ಪ ಪಂಕ್ಚರ್ ಅಂಗಡಿಯಾಂವ.
ಸೋಮವಾರಕ್ಕ ನಲವತ್ತೂ ಮಂದಿಗೆ ಟೊಪ್ಪಿಗಿ,
ನಕ್ಕದ್ದು ಯಾರಿಗೂ ನೆನಪಿಲ್ಲ.

ಅಕಿ ಜಂಪರೂ ಹಸಿ ಐತಿ ಅಂತ ಕಂಡದ್ದು ಸಂಜಿಗೆ.
ಎಲ್ಲಾ ಹೇಳಿದೆ, ಕಡ್ಲಿಹಿಟ್ಟಿನ ತನಕ, ಸೆರಗಿನ ತನಕ.
ತಿಪ್ಪವ್ವ ನೂರು ಅಂದಿದ್ಲು, ನಾನು ಇನ್ನೂರು ಅಂದೆ:
ಆವಾಗ ಬರೇ ಡಬ್ಬಿಕಾಯಿ, ಬಣ್ಣ ಜಾಸ್ತಿ ಖಾರ ಕಡಿಮಿ.
ಈಗ ಗುಂಟೂರಿನ ಮಾಲೂ ಇದರಾಗ ಕೂಡೈತಿ.

ಯಾರು ಹೇಳಿದ್ರು ಅಂತ ಅಕಿ ಕೇಳಲಿಲ್ಲ.
ನಲ್ಲಿ ಕಡೆ ಹೋಗಿ ಬಂದು ಕಟ್ಟಿ ಮ್ಯಾಲೆ ಕುಂತ್ಲು,
ತುಟಿ ಮ್ಯಾಲೆ ಬೆರಳು.
ಅಕಿ ಬಾಜೂಕ ನಾನೂ, ಸುಮ್ಮನ.
ಏನವಾ, ಇವತ್ತು ಮೌನವ್ರತ ಏನು, ಅಂದ ಮುಕಾದಮ.
ಅಕಿ ಕಣ್ಣು ಎತ್ತಲಿಲ್ಲ.
ನಲವತ್ತೊಂದು. ನಲವತ್ತೆರಡು.